ಕಟಿಂಗ್ ಮಾಸ್ಟರ ಬಗ್ಗೆ ಒಂದು ಮಾತು

ಬುಗುರಿ ಬಸ್ಸಿಳಿದು ಅಂಗಡಿಯ ಮೆಟ್ಟಿಲು ಹತ್ತಿದ ಗಳಿಗೆಯಿಂದಲೇ ಟೈಲರಮ್ಮನಿಗೆ ಒಳಗೊಳಗೇ ಕಸಿವಿಸಿ. ಹೊಲಿಗೆ ಕ್ಲಾಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಾಜ ಹಾಕುವುದನ್ನು ಕಲಿತ ಗೆಳತಿ ಅವಳು. ಒಂದು ಕಡೆ ನಿಲ್ಲದ ಹುಡುಗಿಗೆ ಆಗ ಅಂಟಿದ ಹೆಸರು ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಪಕ್ಕದ ಊರಲ್ಲಿ ಅವಳದೂ ಒಂದು ಹೊಲಿಗೆ ಅಂಗಡಿ. ವರ್ಷಕ್ಕೊಂದು ಫೋನು ಮಾಡಿದರೆ ಅದೇ ದೊಡ್ಡದು. ಅಂಥವಳು ಈ ಬಿರುಬೇಸಿಗೆಯಲ್ಲಿ, ಶಾಲೆ ಯೂನಿಫಾರಂ ಹೊಲಿಯಲು ಕೈಕಾಲು ಸಾಲದ ಸೀಸನ್ನಿನಲ್ಲಿ, ತನ್ನ ಅಂಗಡಿ ಬಿಟ್ಟು ಬಂದು "ಸುಮ್ನೆ ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ ಕಣೇ" ಅಂದರೆ ನಂಬುವವರು ಯಾರು? ಕಿವಿಗೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ?

ಅದೂ ಹೋಗಲಿ, ನೋಡಲು ಬಂದದ್ದು ಗೆಳತಿಯನ್ನಾದರೆ ಗೆಳತಿಯನ್ನೇ ನೋಡಬೇಕಿತ್ತು. ಇವಳು ನೇರವಾಗಿ ಕಟಿಂಗ್ ಟೇಬಲ್ಲಿನ ಪಕ್ಕ ಹೋಗಿ ನಿಂತಳು. ಕಟಿಂಗ್ ಮಾಸ್ಟರು ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯಲ್ಲಿ ಸರಸರ ಕತ್ತರಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮಾಸ್ಟರು ಒಮ್ಮೆ ತಲೆಯೆತ್ತಿ ನಕ್ಕು, ಮತ್ತೆ ತಲೆ ತಗ್ಗಿಸಿದರು. ಮದುವೆ ಗಿದುವೆ ಇಲ್ಲದೆ ನಲವತ್ತಕ್ಕೆ ಬಂದ ಮನುಷ್ಯ, ದಿನಾ ಕಾಲರು ಸವೆದ ಅಂಗಿಯಲ್ಲಿ ಬರುವವರು, ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದಾರೆ. ಓಹೋ, ಇಬ್ಬರಿಗೂ ಮೊದಲೇ ಮಾತಾಗಿದೆ ಅಂದುಕೊಂಡಳು ಟೈಲರಮ್ಮ.

ಅವಳ ಭಯ ಏನು ಅಂತ ಇಲ್ಲೇ ಹೇಳಿಬಿಡಬೇಕು. ಹೊಲಿಯುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಬಟ್ಟೆಗೆ ಧೈರ್ಯವಾಗಿ ಕತ್ತರಿ ಹಾಕುವವರು ಸಿಗುವುದಿಲ್ಲ. ಗಂಡ ಇರುವ ತನಕ ಅವನು ಕತ್ತರಿಸಿದ, ಇವಳು ಹೊಲಿದಳು. ಅವನು ತೀರಿಕೊಂಡ ಮೇಲೆ ಇವಳು ಕತ್ತರಿ ಹಿಡಿದು ನೋಡಿದಳು. ಎರಡು ಕೋಟಿನ ಬಟ್ಟೆ ಹಾಳಾಯಿತೇ ಹೊರತು ಕೈ ಪಳಗಲಿಲ್ಲ. ಆಮೇಲೆ ಇಟ್ಟುಕೊಂಡ ಇಬ್ಬರು ಮಾಸ್ಟರುಗಳನ್ನೂ ಬೇರೆ ಅಂಗಡಿಯವರು ಹಾರಿಸಿಕೊಂಡು ಹೋದರು. ಹಾರಿಸುವವರು ಹೀಗೇ ಬರುತ್ತಾರೆ. ನಗುನಗುತ್ತಾ ಬರುತ್ತಾರೆ, ಟೇಬಲ್ಲಿನ ಪಕ್ಕ ನಿಲ್ಲುತ್ತಾರೆ, ಕೈ ನೋಡುತ್ತಾರೆ. ಈ ಮೂರನೆಯವರೂ ಹೋದರೆ ಅಂಗಡಿಯ ಬಾಗಿಲು ಎಳೆದ ಹಾಗೇ. ಮಕ್ಕಳಿಲ್ಲ ಮರಿಯಿಲ್ಲ, ಆ ಬಾಗಿಲು ಮುಚ್ಚಿದರೆ ಬೆಳಿಗ್ಗೆ ಎದ್ದು ಹೋಗುವುದಕ್ಕೆ ಅವಳಿಗೆ ಜಾಗವೇ ಇಲ್ಲ.

"ಇನ್ನೊಂದು ಕತ್ತರಿ ಮೊಂಡಾಗಿದೆ ಅಕ್ಕ, ಸಾಣೆಗೆ ಕೊಡಬೇಕು. ಗುಂಡಿಯೂ ಮುಗಿದಿದೆ" ಅಂದರು ಮಾಸ್ಟರು.

"ನಾನೇ ಹೋಗ್ಬರ್ತೀನಿ" ಅಂತ ಟೈಲರಮ್ಮ ಥಟ್ಟನೆ ಎದ್ದಳು. "ನಡಿಯೇ ಬುಗುರಿ, ನೀನೂ ಬಾ. ಊಟಾನೂ ಹೊರಗೇ ಮಾಡೋಣ." ಅತಿಥಿ ಸತ್ಕಾರವೂ ಆಯಿತು, ಇಬ್ಬರನ್ನೂ ದೂರ ಇಟ್ಟ ಹಾಗೂ ಆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬೀದಿಯಲ್ಲಿ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಅಂಗಡಿಗಳ ನೆರಳು ಹಿಡಿದು, ಒಂದೇ ಛತ್ರಿಯ ಕೆಳಗೆ ಇಬ್ಬರೂ ನಡೆದರು. ಹಳೆಯ ಕ್ಲಾಸಿನ ಮೇಡಮ್ಮನ ಗೊರಕೆ, ಯಾರದೋ ಲಂಗಕ್ಕೆ ಮೂರು ಜೇಬು ಇಟ್ಟ ಕಥೆ, ಎಲ್ಲ ನೆನಪಿಸಿಕೊಂಡು ಬುಗುರಿ ನಗಿಸಿದಳು. ಟೈಲರಮ್ಮ ನಕ್ಕಳು, ಆದರೆ ಅರ್ಧ ಕಿವಿ ಬೇರೆ ಕಡೆಗೇ ಇತ್ತು. ಬಂತು ನೋಡಿ, ಸಾಣೆಯವನ ಗಾಲಿ ಕಿರ್ರೆಂದು ತಿರುಗುವಾಗ, ಆ ಸದ್ದಿನ ಮರೆಯಲ್ಲಿ ಮೊದಲನೆಯ ಪ್ರಶ್ನೆ.

"ನಿಮ್ಮ ಮಾಸ್ಟ್ರು ಕೈಯಂತೂ ಚೆನ್ನಾಗಿದೆ. ಮನುಷ್ಯ ಹೇಗೆ?"

"ಇದಾರೆ, ಎಲ್ಲರ ಹಾಗೆ."

"ಸಿಟ್ಟು ಜಾಸ್ತಿನಾ?"

"ನಾನು ಅವರ ಹೆಂಡ್ತಿನಾ, ಸಿಟ್ಟು ಅಳೆಯೋಕೆ?"

ಬುಗುರಿ ಸಾಣೆಯವನ ಗಾಲಿಯ ಕಡೆ ತಿರುಗಿದಳು. ಗುಂಡಿ ಅಂಗಡಿಯಲ್ಲಿ ಮತ್ತೆ ಶುರು. ನೀಲಿ ಗುಂಡಿಯನ್ನು ಯೂನಿಫಾರಂ ಬಟ್ಟೆಯ ಚೂರಿನ ಮೇಲಿಟ್ಟು ಬಣ್ಣ ಹೊಂದಿಸುತ್ತಿದ್ದ ಟೈಲರಮ್ಮನ ಭುಜಕ್ಕೆ ಆತು, ರಜಾ ದಿನ ಅವರು ಏನು ಮಾಡುತ್ತಾರೆ, ಊರಲ್ಲಿ ಯಾರಿದ್ದಾರೆ, ಕೊಟ್ಟ ಮಾತಿಗೆ ನಿಲ್ಲುತ್ತಾರಾ ಅಂತೆಲ್ಲ ಕೇಳಿದಳು. ಎಲಾ ಇವಳ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆಲ್ಲ ಕಾಣುವುದಿಲ್ಲವೇ ಅಂತ ಟೈಲರಮ್ಮನ ಮೈ ಉರಿಯಿತು. ಒಂದೇ ಡಬ್ಬಿಯಿಂದ ಉಂಡ ಗೆಳತಿ ಹೀಗೆ ಮಾಡಬಹುದು ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು.

ಊಟಕ್ಕೆ ಕೂತದ್ದು ಫ್ಯಾನಿನ ಕೆಳಗೆ, ಗೋಡೆ ಪಕ್ಕದ ಮೇಜಿನಲ್ಲಿ. ಅನ್ನ, ಹುರಿದ ಮೀನು, ತಣ್ಣನೆ ಮೊಸರು ಬಂತು. ಬುಗುರಿ ಮೀನಿನ ಮುಳ್ಳು ಬಿಡಿಸುತ್ತಾ, ತಲೆ ಎತ್ತದೆ ಕೇಳಿದಳು.

"ಒಂದು ಕೇಳ್ತೀನಿ, ನಿಜ ಹೇಳು. ಕುಡಿತ ಗಿಡಿತ ಇದೆಯಾ?"

ಟೈಲರಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಮಾಸ್ಟರು ಕಾಫಿಯನ್ನೂ ಅರ್ಧ ಲೋಟಕ್ಕಿಂತ ಹೆಚ್ಚು ಕುಡಿದವರಲ್ಲ. ಆದರೆ ಕುಡುಕ ಮಾಸ್ಟರನ್ನು ಯಾವ ಅಂಗಡಿಯವಳು ತಾನೇ ಕರೆದುಕೊಂಡು ಹೋಗುತ್ತಾಳೆ?

"ನಿನ್ಹತ್ರ ಮುಚ್ಚಿಡೋದೇನು" ಅಂತ ದನಿ ತಗ್ಗಿಸಿದಳು. "ಸಂಜೆಯಾದ್ರೆ ಗುಂಡು ಬೇಕೇ ಬೇಕು. ಬೆಳಿಗ್ಗೆ ನಾನೇ ಹೋಗಿ ಎಬ್ಬಿಸಿದ ದಿನಗಳೂ ಉಂಟು. ಕೆಲಸಗಾರ ಅಂತ ಸಹಿಸ್ಕೊಂಡಿದೀನಿ, ಅಷ್ಟೇ."

ಬುಗುರಿಯ ಮುಖ ಬಾಡಿತು. "ಹೌದಾ" ಅಂದಳು. ಆಮೇಲೆ ಮೀನು ಮುಟ್ಟಲಿಲ್ಲ. ಟೈಲರಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡಳು. ಬೆಳಗಿನಿಂದ ಎದೆ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು.

ಸಾಣೆ ಹಿಡಿದ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರು. ಸಂಜೆವರೆಗೆ ಇರುತ್ತೇನೆ ಅಂದಿದ್ದವಳು ಈಗಲೇ ಹೊರಟಿದ್ದಳು. ಕಲ್ಲು ಬೆಂಚು ಕಾದು ಸುಡುತ್ತಿತ್ತು, ಇಬ್ಬರೂ ನಿಂತೇ ಇದ್ದರು.

"ದೊಡ್ಡ ಉಪಕಾರ ಮಾಡಿದೆ ಕಣೇ" ಅಂದಳು ಬುಗುರಿ. "ನಮ್ಮ ತಂಗಿಗೆ ಅಂತ ಬಂದಿದ್ದೆ ನಾನು."

"ಯಾವ ತಂಗಿಗೆ?"

"ಇನ್ಯಾವಳು, ಚಿಕ್ಕವಳು. ಮೊದಲನೇ ಗಂಡ ಕುಡಿದು ಕುಡಿದು ಅವಳ ಕೈ ಮುರಿದು ಹಾಕಿದ್ದ, ಗೊತ್ತಲ್ಲ ನಿಂಗೆ. ಚಳಿಗಾಲದಲ್ಲಿ ಕೋಟಿನೊಳಗೆ ಹಾಕೋ ಕ್ಯಾನ್ವಾಸು ತರೋಕೆ ನಿಮ್ಮ ಮಾಸ್ಟ್ರನ್ನ ನಮ್ಮಂಗಡಿಗೆ ಕಳಿಸಿದ್ದೆಯಲ್ಲ, ಅಲ್ಲಿ ಅವಳನ್ನ ಕಂಡ್ರು, ಆಗಿಂದ ಇಬ್ಬರೂ ಫೋನಲ್ಲಿ ಮಾತಾಡ್ತಿದಾರೆ. ಮದುವೆ ಅಂದಾಗ ನಾನು ಅವರಿಗೆ ಹೇಳಿದೆ, ವಿಚಾರಿಸದೆ ಕೊಡಲ್ಲ ಅಂತ. ಅವರೇ ಅಂದ್ರು, ನಮ್ಮ ಅಕ್ಕನ್ನ ಕೇಳಿ, ಅವರು ಏನಂತಾರೋ ಅದೇ ನಾನು."

ಟೈಲರಮ್ಮ ಕತ್ತರಿಯ ಚೀಲವನ್ನು ಎದೆಗೆ ಅವುಚಿಕೊಂಡಳು. "ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹೊಗಳಿ ಅಟ್ಟಕ್ಕೇರಿಸ್ತಿದ್ದೆ. ಹಿಂದೆ ಆ ಕುಡುಕನ್ನೂ ಎಲ್ಲರೂ ಹಾಗೇ ಹೊಗಳಿದ್ರು."

"ಮದುವೆ ಆದಮೇಲೆ ಎಲ್ಲಿರೋದು ಅಂತಿತ್ತು?"

"ನಮ್ಮಲ್ಲೇ. ಅವಳಿಗೆ ಮನೆ ಇದೆ. ಅವರು ನನ್ನಂಗಡೀಲೇ ಕೂರೋದು ಅಂತ ಮಾತಾಗಿತ್ತು. ಈಗ್ಯಾಕೆ ಆ ಮಾತು."

ಅಂದರೆ ಟೈಲರಮ್ಮ ಹೆದರಿದ್ದು ಸುಳ್ಳೇನಲ್ಲ. ಮಾಸ್ಟರು ಹೋಗುವವರೇ ಆಗಿದ್ದರು, ಇವಳ ಒಂದು ಮಾತು ಅವರನ್ನು ಉಳಿಸಿಕೊಟ್ಟಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿ ನಡೆಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ನುಂಗುವುದಕ್ಕೂ ಆಗದ, ಉಗುಳುವುದಕ್ಕೂ ಆಗದ ಬಿಸಿ ತುಪ್ಪ. ದೂರದಲ್ಲಿ ಬಸ್ಸು ತಿರುವಿನಲ್ಲಿ ಕಾಣಿಸಿತು.

"ನಾನು ಹೇಳಿದ್ದು ಸುಳ್ಳು" ಅಂದಳು ಟೈಲರಮ್ಮ. "ಅವರು ಕುಡಿಯಲ್ಲ. ಒಂದು ಹನಿಯೂ ಇಲ್ಲ."

ಬುಗುರಿ ಅವಳನ್ನೇ ನೋಡಿದಳು. "ನನ್ನ ಮುಖ ಸಪ್ಪಗಾಯ್ತು ಅಂತ ಹೇಳ್ತಿದೀಯ."

"ಅಲ್ಲ ಕಣೇ. ನೀನು ಅವರನ್ನ ಕೆಲಸಕ್ಕೆ ಹಾರಿಸ್ಕೊಂಡು ಹೋಗೋಕೆ ಬಂದಿದೀಯ ಅಂದ್ಕೊಂಡೆ. ಅವರು ಹೋದ್ರೆ ನನ್ನಂಗಡಿ ಮುಚ್ಚುತ್ತೆ. ಅದಕ್ಕೇ ಹಾಗಂದೆ."

"ಅಂದ್ರೆ, ನಿನ್ನ ಅನ್ನ ನಾನು ಕಿತ್ಕೋತೀನಿ ಅಂದ್ಕೊಂಡೆ."

ಟೈಲರಮ್ಮ ಹೌದೆಂಬಂತೆ ತಲೆಯಾಡಿಸಿದಳು. ಬಸ್ಸು ಬಂದು ನಿಂತಿತು. ಬುಗುರಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. ಅವಳ ಕಣ್ಣು ತುಂಬಿತ್ತು. "ಮಧ್ಯಾಹ್ನ ಒಂದು ಹೇಳ್ದೆ, ಈಗ ಒಂದು ಹೇಳ್ತೀಯ. ತಂಗಿ ಬಾಳು ಕಣೇ ಇದು. ಯಾವುದನ್ನ ನಂಬ್ಲಿ ನಾನು?" ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಆಚೆ ಬದಿಯ ಕಿಟಕಿಯ ಪಕ್ಕ ಕೂತಳು.

ಟೈಲರಮ್ಮ ಛತ್ರಿ ಬಿಚ್ಚದೆ ಬಿಸಿಲಲ್ಲೇ ಅಂಗಡಿಗೆ ಬಂದಳು. ಮಾಸ್ಟರು ಬಾಗಿಲಲ್ಲೇ ನಿಂತಿದ್ದರು. ಅವಳ ಬೆನ್ನ ಹಿಂದೆ ಬೀದಿಯನ್ನೊಮ್ಮೆ ಇಣುಕಿದರು.

"ಅವರು ಹೊರಟ್ಹೋದ್ರಾ? ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ ಅಕ್ಕ?"

"ಕೇಳಿದಳು."

"ಏನಂದ್ರಿ?"

"ಕುಡುಕ ಅಂದೆ."

ಮಾಸ್ಟರು ನಕ್ಕುಬಿಟ್ಟರು. ಇಷ್ಟು ವರ್ಷದಲ್ಲಿ ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ಟೈಲರಮ್ಮ ನೋಡಿರಲಿಲ್ಲ. "ನಿಮ್ಮ ತಮಾಷೆ ನಿಮಗೆ" ಅಂತ ಅವಳ ಕೈಯಿಂದ ಚೀಲ ತೆಗೆದುಕೊಳ್ಳಲು ಬಂದವರು, ಅವಳ ಮುಖ ನೋಡಿ ನಿಂತರು. ನಗು ತುಟಿಯ ಮೇಲೆ ಒಂದಷ್ಟು ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು. ಅವರು ಟೇಬಲ್ಲಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕೂತರು.

"ಅವರ ತಂಗಿಗೂ ಹೇಳಿಬಿಡ್ತಾರಾ?" ಅಂತಷ್ಟೇ ಕೇಳಿದರು.