ಹಸೀಬ್ ವ್ಯಾನು ಹತ್ತಿದ ದಿನ

ಅನ್ವರಿ ಮಗನ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಹತ್ತೊಂಬತ್ತರ ಹಸೀಬ್ ಅರ್ಧಕ್ಕೆ ಎದ್ದ. ಅಷ್ಟರಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ಇಬ್ಬರೂ ಜಗಲಿಯ ಮೇಲೆ ದೊಪ್ಪನೆ ಕೂತರು.

"ನೋಡಿದ್ಯಾ ಭವ್ಯಾ? ವ್ಯಾನು ಬಂದ್ರೆ ಆಯ್ತಾ? ಇವನನ್ನ ಹೊರೋರು ಯಾರು?"

ಅಂಗಳದಲ್ಲಿದ್ದ ಭವ್ಯಾ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ; ಹಸೀಬನನ್ನು ಕೆಲಸ ಕಲಿಸುವ ತರಬೇತಿಗೆ ಕರೆದೊಯ್ಯಲು ವ್ಯಾನು ತಂದಿದ್ದಳು. "ಹೊರೋಕೆ ಅವನೇನು ಕಾಫಿ ಮೂಟೆಯಾ ಅನ್ವರಕ್ಕ? ಗಾಲಿಕುರ್ಚಿ ತಂದಿದ್ದೀನಿ. ಕುರ್ಚಿಗೂ ವ್ಯಾನಿಗೂ ನಡುವೆ ಈ ಹಲಗೆ ಇಟ್ರೆ ಅವನೇ ಸೀಟಿಗೆ ಜಾರ್ಕೊಳ್ತಾನೆ."

ಹುಟ್ಟಿನಿಂದ ಕಾಲಿಗೆ ಬಲವಿಲ್ಲದ ಮಗನನ್ನು ಚಿಕ್ಕವನಿದ್ದಾಗ ಕಳಸದ ಶಾಲೆಗೆ ಅನ್ವರಿಯೇ ಹೊತ್ತೊಯ್ಯುತ್ತಿದ್ದಳು. ದಾರಿಯುದ್ದಕ್ಕೂ ಅವನು ಅವಳ ಕಿವಿಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ. ಕಾಫಿ ತೋಟ ಹೂ ಬಿಟ್ಟಾಗ ಮಗ್ಗಿ ನಿಲ್ಲಿಸಿ, "ಅಮ್ಮಿ, ಮೆಲ್ಲಗೆ ನಡಿ" ಅನ್ನುತ್ತಿದ್ದ. ಆ ಪುಟ್ಟ ಭಾರ ಈಗಲೂ ಅವಳ ಬೆನ್ನಿಗೆ ನೆನಪಿದೆ. ಹುಡುಗ ಬೆಳೆದ, ಅವಳ ತೋಳು ಸೋತವು. ಐದನೇ ಕ್ಲಾಸಿಗೇ ಶಾಲೆ ನಿಂತಿತು. ಆಮೇಲೆ ಅವನಿಗೆ ಈ ಜಗಲಿಯೇ ಊರು.

"ಅಲ್ಲೇನು ಕಲಿಸ್ತಾರೆ?" ಅನ್ವರಿ ಕೇಳಿದಳು.

"ಮೋಟರ್ ವೈಂಡಿಂಗ್. ತೋಟದ ಪಂಪು ಸುಟ್ಟುಹೋದ್ರೆ ಹೊಸ ತಂತಿ ಸುತ್ತೋದು. ಕೂತು ಮಾಡೋ ಕೆಲಸ. ಪಂಪು ರಿಪೇರಿ ಮಾಡೋ ಲಕ್ಕಯ್ಯನವ್ರು ಹೇಳ್ಕೊಡ್ತಾರೆ. ಕ್ಲಾಸು ನಡೆಯೋ ಕೋಣೆ ನಿಮ್ಮ ಮಸೀದಿ ಕಮಿಟಿದು, ವ್ಯಾನು ಬೆಳೆಗಾರರ ಸಂಘದ್ದು, ಊಟ ನಮ್ಮ ಸ್ತ್ರೀಶಕ್ತಿ ಗುಂಪಿನದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊರಗಿಂದ ಕಟ್ಟೋಕೂ ಪಾಠ ಇದೆ."

"ಜನ ನಗ್ತಾರೆ."

"ಲಕ್ಕಯ್ಯನವ್ರಾ? ಅವ್ರು ನಕ್ಕಿದ್ದನ್ನ ಅವ್ರ ಹೆಂಡ್ತಿನೂ ನೋಡಿಲ್ಲ ಮಾರಾಯ್ರೆ!"

ಹಸೀಬ್ ಜೋರಾಗಿ ನಕ್ಕ. ಆಮೇಲೆ ಕೇಳಿದ: "ನನ್ನನ್ನ ಯಾರೂ ಕೇಳಲ್ವಾ? ನಾನು ಹೋಗ್ತೀನಿ."

ಭವ್ಯಾ ಮೊದಲು ಜಗಲಿಗೂ ಗಾಲಿಕುರ್ಚಿಗೂ ನಡುವೆ, ಆಮೇಲೆ ಕುರ್ಚಿಗೂ ವ್ಯಾನಿಗೂ ನಡುವೆ ಹಲಗೆ ಹಿಡಿದಳು. ಹಸೀಬ್ ತೋಳೂರಿ ಇಂಚಿಂಚೇ ಸರಿದು ವ್ಯಾನಿನ ಸೀಟಿನಲ್ಲಿ ಕೂತ. ಹಣೆ ಬೆವೆತಿತ್ತು. ಅನ್ವರಿ ನೋಡುತ್ತಲೇ ಇದ್ದಳು. ಅವಳ ಕೈ ತಗಲದೆ ಮಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದದ್ದು ಅದೇ ಮೊದಲು.

ಅವಳು ಒಳಗೋಡಿ ಬುರ್ಖಾ ಹಾಕಿಕೊಂಡು ಬಂದಳು. "ಆಯ್ತು, ಕಲೀಲಿ. ನಾನೂ ಬರ್ತೀನಿ. ಊಟ ಮಾಡಿಸ್ತೀನಿ, ಸಂಜೆವರೆಗೆ ಪಕ್ಕದಲ್ಲೇ ಕೂತಿರ್ತೀನಿ."

ಓದುತ್ತಿರುವವರೇ, ನಿಮ್ಮ ಕೇರಿಯಲ್ಲೂ ಶಾಲೆ ಬಿಟ್ಟು ಮನೆಯೊಳಗೇ ಉಳಿದ ಅಂಗವಿಕಲ ಮಗನೋ ಮಗಳೋ ಇರಬಹುದು. ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಮಸೀದಿ, ಚರ್ಚು, ಸಂಘ, ಯಾರ ಬಳಿಯಾದರೂ ಒಂದು ಕೋಣೆ ಕೇಳಿ. ಅದಕ್ಕೂ ಮೊದಲು ಆ ಮಕ್ಕಳನ್ನೇ ಕೇಳಿ. ಅವರು ಕೊಡುವ ಉತ್ತರ ನಿಮಗೆ ಹಿತವಾಗದೆಯೂ ಇರಬಹುದು.

ಹಸೀಬ್ ವ್ಯಾನಿನ ಬಾಗಿಲು ತಾನೇ ಎಳೆದುಕೊಂಡ.

"ಬೇಡ ಅಮ್ಮಿ. ನೀನು ಬರಬೇಡ."