ಅಪ್ಪನ ಚೋಖಾದಲ್ಲಿ ಎರ್ಮಿಲೆ

ನಮ್ಮಪ್ಪ ಒಣಗಿದ ಜೋಳದ ದಂಟಿನ ಹಾಗಿದ್ದ. ಅವನ ಚೋಖಾ ತೊಡುತ್ತೇನೆಂದು ಹೊರಟ ನನ್ನಣ್ಣ ಎರ್ಮಿಲೆಯೋ, ವೈನ್ ತುಂಬಿದ ಹಂಡೆಯ ಹಾಗಿದ್ದಾನೆ. ಸೊಂಟಕ್ಕೆ ಬಿಗಿಯಾಗಿ ಕಚ್ಚಿಕೊಂಡು, ಕೆಳಗೆ ಅಗಲವಾಗಿ ಮೊಣಕಾಲು ದಾಟುವ, ಎದೆಯ ಮೇಲೆ ತೋಟಾ ಸಿಕ್ಕಿಸುವ ಗೂಡುಗಳಿರುವ ಆ ಕರಿ ಉಣ್ಣೆಯ ಕೋಟನ್ನು ನನ್ನ ಮಡಿಲಿಗೆ ಹಾಕಿ, "ಸ್ವಲ್ಪ ಸಡಿಲ ಮಾಡ್ಕೊಡೇ ವಾರ್ದೊ" ಅಂದ. ಸ್ವಲ್ಪವಂತೆ.

ಯಾಕೆಂದು ನಾನು ಕೇಳಲಿಲ್ಲ. ಅತ್ತಿಗೆ ತೀರಿಹೋಗಿ ಬಹಳ ಕಾಲವಾಗಿದೆ, ಪಕ್ಕದ ಮನೆಯ ದೊಮ್ನಾಳ ಗಂಡ ಸತ್ತೂ ಅಷ್ಟೇ ಕಾಲವಾಗಿದೆ. ಅಂದಿನಿಂದ ಅಣ್ಣ ಅವಳ ಬೇಲಿ ಕಟ್ಟಿಕೊಟ್ಟ, ತಪ್ಪಿಸಿಕೊಂಡ ಹಂದಿ ಹಿಡಿದುಕೊಟ್ಟ, ಜೋಳ ಬೀಸಿಸಿ ತಂದುಕೊಟ್ಟ. ಬಾಯಿ ಮಾತ್ರ ಬಿಡಲಿಲ್ಲ. ನಮ್ಮ ಗುರಿಯಾ ಸೀಮೆಯ ಗಂಡಸರು ಹೆಣದ ಮುಂದೆ ಕೂತರೂ ಸುಮ್ಮನಿರುವವರಲ್ಲ, ಇವನಿಗೆ ಮಾತ್ರ ದೊಮ್ನಾಳನ್ನು ಕಂಡರೆ ನಾಲಿಗೆ ಬಿದ್ದುಹೋಗುತ್ತದೆ. ಈಗ ಅವಳು ದ್ರಾಕ್ಷಿ ಕೊಯ್ಲು ಮುಗಿಸಿ, ಬಟುಮಿ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ ಎನ್ನುತ್ತಿದ್ದಳು. ಅದಕ್ಕೇ ಇವನು ನನ್ನ ಮಗನ ಮದುವೆಯಲ್ಲಿ ಅವಳನ್ನು ಕಾರ್ತುಲಿ ಕುಣಿತಕ್ಕೆ ಕರೆಯುವುದೆಂದು ತೀರ್ಮಾನಿಸಿದ್ದ. ಈ ವಯಸ್ಸಿನಲ್ಲಿ ಆ ಕುಣಿತಕ್ಕೆ ಕರೆದರೆ ಅರ್ಥವೇನೆಂದು ಇಡೀ ಊರಿಗೆ ಗೊತ್ತು. ಬಾಯಿ ಬಿಡುವ ಕಷ್ಟ ತಪ್ಪಿತು.

ಕಷ್ಟ ಬೇರೆ ಕಡೆ ಇತ್ತು. ಕಾರ್ತುಲಿಯಲ್ಲಿ ಹೆಣ್ಣು ತೇಲಿಕೊಂಡು ದೂರ ಸರಿಯುತ್ತಾಳೆ, ಗಂಡು ಅವಳನ್ನು ಸುತ್ತುತ್ತಾನೆ. ಎಷ್ಟು ಸುತ್ತಿದರೂ ಅವನ ಚೋಖಾದ ಅಂಚು ಅವಳ ಲಂಗಕ್ಕೆ ತಾಗಕೂಡದು. ತಾಗಿಸಿದವನು ಮರ್ಯಾದೆ ಗೊತ್ತಿಲ್ಲದವನು, ಅಂಥವನಿಗೆ ಹೆಣ್ಣಿರಲಿ, ಹಸುವನ್ನೂ ಯಾರೂ ಕೊಡುವುದಿಲ್ಲ.

ಬಗಲಿಗೂ ಬೆನ್ನಿಗೂ ತುಂಡು ಬಟ್ಟೆ ಕೊಟ್ಟು ಹೇಗೋ ಕೊಕ್ಕೆ ಕೂರಿಸಿದೆ. ತಿರುಗುವಾಗ ಹಾರದ ಹಾಗೆ ಅಂಚನ್ನು ನಾಲ್ಕು ಬೆರಳು ಕತ್ತರಿಸುತ್ತೇನೆಂದರೆ ಕೇಳಲಿಲ್ಲ. ಮೊಣಕಾಲು ಕಂಡರೆ ಅಪ್ಪ ಗೋರಿಯಿಂದ ಎದ್ದು ಬರುತ್ತಾನಂತೆ. ಬರಲಿ, ಬಂದು ನಿನ್ನ ಹೊಟ್ಟೆ ನೋಡಲಿ ಎಂದೆ. ಅಂಗಳದಲ್ಲಿ ನನ್ನನ್ನೇ ದೊಮ್ನಾ ಮಾಡಿಕೊಂಡು ಅಭ್ಯಾಸ ಮಾಡಿದ. ಪ್ರತಿ ಸುತ್ತಿಗೂ ನನಗೆ ತಾಗಿಸಿದ, ಒಮ್ಮೆ ಕೋಳಿಗೂ ತಾಗಿಸಿದ. ಅದನ್ನೇ ಕಟ್ಟಿಕೋ ಎಂದು ನಾನು ಒಳಗೆ ಹೋದೆ.

ಮದುವೆಯ ದಿನ, ಔತಣದ ಯಜಮಾನ ಸತ್ತವರನ್ನೆಲ್ಲ ನೆನೆದು ಕೊಂಬಿನಲ್ಲಿ ವೈನ್ ಮುಗಿಸಿದ ಮೇಲೆ ಡೋಲು ಶುರುವಾಯಿತು. ಅಣ್ಣ ಹೋಗಿ ದೊಮ್ನಾಳ ಮುಂದೆ ತಲೆಬಾಗಿದ. ಅವಳು ಕಣ್ಣು ತಗ್ಗಿಸಿ ತಕ್ಷಣ ಎದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಆ ಪುಣ್ಯಾತ್ಮ ತಾಗೀತೆಂಬ ಹೆದರಿಕೆಯಲ್ಲಿ ದೂರ ಹೋದ. ಅವಳು ಚಪ್ಪರದ ನಡುವೆ, ಇವನು ಮೇಜುಗಳ ಪಕ್ಕ. ಒಂದು ತಿರುವಿನಲ್ಲಿ ಚೋಖಾದ ಹಿಂಭಾಗ ಹಾರಿ ಅಕ್ರೋಟದ ಗೊಜ್ಜಿನ ಬೋಗುಣಿಯಲ್ಲಿ ಅದ್ದಿ ಬಂತು. ಇವನು ಕುಣಿಯುತ್ತಿರುವುದು ದೊಮ್ನಾಳ ಜೊತೆಗೋ ಪಕ್ಕದೂರಿನವರ ಜೊತೆಗೋ ಎಂದು ಯಾರೋ ಕೇಳಿದರು. ಜನ ನಕ್ಕರು. ನನಗೆ ನಗು ಬರಲಿಲ್ಲ. ದೊಮ್ನಾಳ ಕಿವಿ ಕೆಂಪಾಗಿತ್ತು. ಬೇಡದವಳನ್ನು ಕರೆದ ಹಾಗಾಯಿತಲ್ಲ, ಇನ್ನು ಇವಳು ನಾಳೆಯೇ ಬಟುಮಿಗೆ ಹೊರಟಳು ಎಂದುಕೊಂಡೆ.

ಅಷ್ಟರಲ್ಲಿ ದೊಮ್ನಾ ದಿಕ್ಕು ಬದಲಿಸಿದಳು. ಕಣ್ಣು ತಗ್ಗಿಸಿಕೊಂಡೇ, ತೇಲಿಕೊಂಡೇ, ನೇರ ಇವನ ಕಡೆಗೆ ಬಂದಳು. ಇವನು ಹಿಂದೆ ಸರಿದ, ಅವಳು ಬಿಡಲಿಲ್ಲ. ಹೆಣ್ಣು ಅಟ್ಟಿ ಗಂಡು ಓಡುವ ಕಾರ್ತುಲಿಯನ್ನು ನಮ್ಮೂರು ಅವತ್ತೇ ನೋಡಿದ್ದು. ಡೋಲಿನವನು ತಾಳ ತಪ್ಪಿ, ಬಾರಿಸುವುದನ್ನೇ ನಿಲ್ಲಿಸಿದ. ಅಣ್ಣನ ಬೆನ್ನು ಚಪ್ಪರದ ಕಂಬಕ್ಕೆ ಬಡಿಯಿತು.

ದೊಮ್ನಾ ಬಗ್ಗಿ ಚೋಖಾದ ಅಂಚನ್ನು ಹಿಡಿದೆಳೆದು, ಅದಕ್ಕೆ ಮೆತ್ತಿದ್ದ ಗೊಜ್ಜನ್ನು ಎಲ್ಲರೆದುರು ತನ್ನ ರೇಷ್ಮೆ ಲಂಗಕ್ಕೆ ಒರೆಸಿಕೊಂಡಳು. ಸಾವಕಾಶವಾಗಿ, ಎರಡು ಸಲ.

"ಅಯ್ಯೋ, ತಾಗ್ಬಿಡ್ತಲ್ಲ ದೊಮ್ನಾ" ಅಂದ ಅಣ್ಣ.

"ತಾಗ್ತು. ಊರೆಲ್ಲ ನೋಡ್ತು. ಇನ್ನು ನನ್ನನ್ನ ಬಟುಮಿಗೆ ಹೆಂಗೆ ಕಳಿಸ್ತೀಯ, ಹೇಳು."

ಅಣ್ಣನ ತುಟಿ ಅಲ್ಲಾಡಿತು. "ಕಳ್ಸಲ್ಲ" ಅಂದ, ತನ್ನ ಮೀಸೆಗೆ ಮಾತ್ರ ಕೇಳುವಷ್ಟು.

"ಕೇಳಿಸ್ಲಿಲ್ಲ" ಅಂದಳು ದೊಮ್ನಾ, ಅಂಚು ಬಿಡದೆ.