ಗಾಜಿಲ್ಲದ ಹಾಳೆ

ಬೆನ್ನ ಹಿಂದೆ ಯಾರೋ ಕೆಮ್ಮಿದರು, ಪಿಎಚ್‌ಡಿ ಗೈಡ್ ಸರ್ ಇರಬೇಕು, ತಿರುಗೋಣವೆಂದರೆ ಅವಳ ಎರಡೂ ಕೈ ಗಾಜಿನ ಪೆಟ್ಟಿಗೆಯ ರಬ್ಬರ್ ಗವಸಿನೊಳಗೆ, ಮೂಗು ಬೇರೆ ತುರಿಸುತ್ತಿದೆ — ಈ ಮೂಗಿಗೆ ಯಾವಾಗಲೂ ಇದೇ ಹೊತ್ತು ಬೇಕು — ಒಳಗೆ ತೇವ ಸುಳಿಯದ ಒಣ ಗಾಳಿ, ಅವಳ ಕರಿ ಹಾಳೆ, ಉಗುರಿನಷ್ಟಗಲ, ಅರ್ಧ ಸೀಸದ ಹರಳು, ಅರ್ಧ ಸಾವಯವ ಅಣು, ಕಲ್ಲಿಗೂ ಜೀವದ್ರವ್ಯಕ್ಕೂ ಗಂಟು ಹಾಕಿದ ಹಾಗೆ, ಬಿಸಿಲು ಕುಡಿದು ಕರೆಂಟು ಕೊಡುತ್ತದೆ, ನೀರು ಸೋಕಿದರೆ ಮಾತ್ರ ಹಳದಿಯಾಗಿ ಸಾಯುತ್ತದೆ, ನಿನ್ನ ಹಾಳೆನೂ ಭಾವನೂ ಒಂದೇ ತಳಿ ಕಣೇ ಅಕ್ಕ, ನೀರು ಕಂಡ್ರೆ ಆಗಲ್ಲ, ಎಂದು ತಂಗಿ ನಕ್ಕಿದ್ದಳು, ಸ್ನಾನಕ್ಕೆ ಸತಾಯಿಸುವ ಗಂಡನೂ ಪಾಪ ನಕ್ಕಿದ್ದ, ನಗಲಿ, ಅದಕ್ಕೇ ಅಲ್ಲವೇ ವರ್ಷಗಟ್ಟಲೆ ಕೂತು ಉದ್ದ ಬಾಲದ ಅಣುವೊಂದನ್ನು ಕಟ್ಟಿ ಹರಳಿಗೆ ಹೊದಿಸಿದ್ದು, ನೀರು ಹೊರಗೇ ನಿಲ್ಲಲಿ ಎಂದು — ನೋಡಮ್ಮ, ಸೋಲಾರ್ ಕಂಪನಿಯವರು ಬಂದು ಕೂತಿದ್ದಾರೆ, ಸರ್ ದನಿ ತಗ್ಗಿಸಿದ್ದಾರೆ, ಗಾಜು ಮುಚ್ಚಿದ್ದನ್ನೇ ತೋರಿಸು, ಹಾಳೆನೇ ಮಳೆಗೂ ಜಗ್ಗಲ್ಲ ಅಂತ ನಾನು ಹೇಳ್ತೀನಿ, ನೀನು ತಲೆಯಾಡಿಸು ಸಾಕು. ತಲೆಯಾಡಿಸು! ತೂತು ಟ್ಯಾಂಕಿಗೆ ಬಣ್ಣ ಬಳಿದು ಮಾರುವಾಗ ಚಿಕ್ಕಪ್ಪನೂ ಹೀಗೇ ಅಂದಿದ್ದ, ಅವಳು ಗಿರಾಕಿಯ ಮುಂದೆಯೇ ಇದು ಸೋರತ್ತೆ ಎಂದುಬಿಟ್ಟಿದ್ದಳು, ಚಿಕ್ಕಪ್ಪ ಎಷ್ಟು ದಿನ ಮಾತು ಬಿಟ್ಟಿದ್ದ — ಇದು ಟ್ಯಾಂಕಲ್ಲ, ಮನೆಗಳ ಮಾಡಿನ ಮೇಲೆ ಹೋಗಿ ಕೂರುವುದು, ಗಾಜು ಒಡೆದರೆ ಸೀಸ ಮಳೆನೀರಿನ ಜೊತೆ ಇಳಿದು ಯಾರ ಬಾವಿಗೆ, ಯಾರ ಕೂಸಿನ ಬಾಯಿಗೆ? ಸರ್, ಗಾಜಿಲ್ಲದ್ದನ್ನೇ ತರ್ತೀನಿ. ತಲೆ ನೆಟ್ಟಗಿದೆಯಾ ನಿಂಗೆ, ಪ್ರಾಜೆಕ್ಟೇ ಕೈಬಿಟ್ಟು ಹೋಗತ್ತೆ. ಹೋಗಲಿ ಸರ್ — ಎಷ್ಟು ಸಲೀಸಾಗಿ ಬಂತು ಬಾಯಿಗೆ, ಹೋಗಲಿ, ಇಷ್ಟು ದಿನ ಎಲ್ಲಿ ಅಡಗಿತ್ತೋ ಈ ಮಾತು.

ಉದ್ದ ಮೇಜು, ಆರಿದ ಚಹಾ, ಎಲ್ಲರ ಕಣ್ಣು ಅವಳ ಬೆರಳ ಮೇಲೆ, ನೀರಿನ ಲೋಟದಲ್ಲಿ ಬೆರಳು ಅದ್ದಿದಳು, ಹಾಳೆಯ ಮೇಲೆ ಒಂದು ಹನಿ ಬೀಳಿಸಿದಳು, ಹನಿ ಮಣಿಯಂತೆ ಗುಂಡಗೆ ಕೂತಿತು, ಉರುಳಿತು, ಹಾಳೆ ಕಪ್ಪಗೇ ಇದೆ, ಸರ್ ಮುಖ ಅರಳಿತು, ಅಷ್ಟರಲ್ಲಿ ಅಂಚಿನಲ್ಲಿ, ಹೊದಿಕೆ ತೆಳುವಾದ ಕಡೆ, ಸಾಸಿವೆಯಷ್ಟು ಹಳದಿ, ಅದು ಲೈಟಿನ ಹೊಳಪು ಅಷ್ಟೆ, ಎಂದರು ಸರ್, ಹೊಳಪಲ್ಲ, ಅಲ್ಲಿ ಸತ್ತಿದೆ, ಅವಳ ದನಿ ಅವಳಿಗೇ ಹೊಸದು, ಇವತ್ತಿಗೆ ಇದು ಮಳೆ ತಡೆಯಲ್ಲ, ಮಾಡಿನ ಮೇಲೆ ಹಾಕಬೇಡಿ. ಕಂಪನಿಯಾಕೆ ಬ್ಯಾಗು ಮುಚ್ಚಿ ಎದ್ದರು, ಮಳೆ ತಡೆದಾಗ ಹೇಳಿ, ಬರ್ತೀವಿ, ಕುರ್ಚಿಗಳು ಕಿರುಗುಟ್ಟಿದವು, ಬಾಗಿಲು ಬಡಿಯಿತು, ಬೇರೆ ಗೈಡ್ ಹುಡುಕಿಕೋ, ಎಂದು ಸರ್ ಕೂಡ ಹೊರಟರು, ಹುಡುಕಿಕೊಳ್ಳುತ್ತೇನೆ, ಹುಡುಕದೆ ಬಿಡುತ್ತೇನೆಯೇ, ಹಾಳೆ ನನ್ನದು — ತಡಿ, ಹಿಂದೆಲ್ಲ ಹಳದಿ ಹತ್ತಿದರೆ ಕಾಗದಕ್ಕೆ ಬೆಂಕಿ ಬಿದ್ದ ಹಾಗೆ ಹಾಳೆಯುದ್ದ ಓಡುತ್ತಿತ್ತು, ಈಗ — ಅವಳು ಬಗ್ಗಿದಳು, ಉಸಿರು ತಾಗದಂತೆ ಬಾಯಿ ಮುಚ್ಚಿಕೊಂಡಳು — ಹಳದಿ ಚುಕ್ಕೆ, ಅಂಚಿನಲ್ಲೇ, ನಿಂತಿದೆ, ಸುತ್ತ ಕಪ್ಪು, ಕೂದಲಷ್ಟೂ ಮುಂದೆ ಬಂದಿಲ್ಲ, ಹಳದಿ ಚುಕ್ಕೆ, ಅಲ್ಲೇ —